ಓ ಅನ್ನುವ ಚಟ

ಬೀಡಿ, ತಂಬಾಕು, ಇಸ್ಪೀಟು, ಯಾವ ಚಟವೂ ನನಗಿಲ್ಲ ಎಂದು ಎದೆ ಸೆಟೆಸಿ ಹೇಳಿಕೊಳ್ಳುತ್ತಿದ್ದವನು ನಾನು. ಅವೆಲ್ಲಕ್ಕಿಂತ ಕೆಟ್ಟದೊಂದು ಚಟ ನನಗಿದೆಯೆಂದು ಗೊತ್ತಾಗುವ ಹೊತ್ತಿಗೆ ನಲವತ್ತು ದಾಟಿತ್ತು. ಯಾರು ಕೂಗಿದರೂ ಓ ಅನ್ನುವ ಚಟ ಅದು. ಅನ್ನುವುದಷ್ಟೇ ಅಲ್ಲ, ಅನ್ನುತ್ತಲೇ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದೇಳುವ ಚಟ. ತಪ್ಪು ನನ್ನದೊಂದೇ ಅಲ್ಲ. ನಮ್ಮ ಕಡೆ ಹಿರಿಯರು ಕರೆದಾಗ ಓ ಅನ್ನದ ಹುಡುಗನನ್ನು ಎರಡನೆಯ ಸಲ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕಿವಿ ಹಿಡಿದು ಕರೆಯುತ್ತಿದ್ದರು. ನಮ್ಮಜ್ಜಿ ಮಾತ್ರ, ಹೊತ್ತು ಮುಳುಗಿದ ಮೇಲೆ ಮೂರು ಸಲ ಕೂಗಿದರಷ್ಟೇ ಓ ಅನ್ನಬೇಕು, ದೆವ್ವವಾದರೆ ಒಂದೇ ಸಲ ಕೂಗುತ್ತದೆ ಎನ್ನುತ್ತಿದ್ದಳು. ಆ ಶಾಸ್ತ್ರ ಸರಕಾರಿ ಕಚೇರಿಗೂ ಒಪ್ಪುತ್ತದೆಂದು ಪಾಪ ಅವಳಿಗೂ ತಿಳಿದಿರಲಿಲ್ಲ.

ಎಪ್ಪತ್ತರ ದಶಕದ ಮಾತು. ವಿಜಯಪುರ ಆಗಿನ್ನೂ ಬಿಜಾಪುರ. ಅಲ್ಲಿನ ಒಂದು ಕಚೇರಿಯಲ್ಲಿ ನಾನು ನಕಲು ಬರೆಯುವ ಕಾರಕೂನ. ಯಾರ ಹೊಲ ಎಲ್ಲಿ, ಎಷ್ಟು ಎಂಬ ಉತಾರವನ್ನು ದೊಡ್ಡ ದಫ್ತರ ನೋಡಿ ಕೈಯಿಂದ ಬರೆದು ಕೊಡುವುದು ನನ್ನ ಕೆಲಸ. ಕೆಳಗೆ 'ಖರೇ ನಕಲು' ಎಂದು ಸಿಕ್ಕಾ ಹೊಡೆದು ಸಹಿ ಮಾಡುವುದು ಸಾಹೇಬರ ಕೆಲಸ. ಇದರ ನಡುವೆ ನನ್ನನ್ನು ಕೂಗುವುದು ಉಳಿದೆಲ್ಲರ ಕೆಲಸ. ಮನೆ ತಿಕೋಟಾದಲ್ಲಿ. ಬೆಳಗಿನ ಬಸ್ಸಿನ ಕಂಡಕ್ಟರ್ ಹಿಡಿದು ಸಂಜೆ ಮನೆಯಾಕೆಯವರೆಗೆ ದಿನಕ್ಕೆ ಎಷ್ಟು ಓ ಅನ್ನುತ್ತಿದ್ದೆನೋ, ಅಷ್ಟು ಸಲ ದೇವರ ಹೆಸರು ಹೇಳಿದ್ದರೆ ಮಠದವರೇ ಕರೆದು ಕೂರಿಸುತ್ತಿದ್ದರು.

ಕೊನೆಗೊಂದು ದಿನ ಬರೆಯುವ ಕೈ ನಡುಗತೊಡಗಿತು. ಗಾಂಧಿ ಚೌಕದ ಹಿಂದಿನ ಓಣಿಯ ಡಾಕ್ಟರು ನಾಲಿಗೆ ನೋಡಿ, ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ, "ಟೆನ್ಶನ್ ಐತ್ರಿ" ಎಂದರು. ಆ ಶಬ್ದ ನಮ್ಮ ಕಡೆ ಇನ್ನೂ ಹೊಸದು. ಮನೆಗೆ ಬಂದು ಹೇಳಿದರೆ ನಮ್ಮಾಕಿ ಪೆನ್ಶನ್ ಎಂದು ಕೇಳಿಸಿಕೊಂಡು, "ಇಷ್ಟ ಲಗೂನ ಬರತೈತೇನ್ರಿ?" ಎಂದು ಹಿಗ್ಗಿದಳು.

ಔಷಧ ಬೇಡ, ರೂಢಿ ಬದಲಿಸಿ ಎಂದಿದ್ದರು ಡಾಕ್ಟರು. ಚಹಾ ಕಡಿಮೆ, ಬೆಳಿಗ್ಗೆ ನಡಿಗೆ. ಬಹಳ ಸುಲಭ ಎನಿಸಿತು. ಮರುದಿನ ಒಬ್ಬ ರೈತ ಚಹಾ ತರಿಸಲು ಹೋದಾಗ ನಾನು ಬೇಡ ಎಂದೆ. ಅವನ ಮುಖ ಕಪ್ಪಿಟ್ಟಿತು. ಹೊರಗೆ ಹೋಗಿ ಜೊತೆಗಾರನಿಗೆ ಹೇಳುತ್ತಿದ್ದ, "ಚಾ ಒಲ್ಲೆ ಅಂತಾರಲೇ. ದೊಡ್ಡದ ಏನರ ಬೇಕಾಗಿರಬೇಕು." ಕಾರಕೂನನೊಬ್ಬ ಚಹಾ ಬಿಟ್ಟರೆ ಊರಿಗೆ ಊರೇ ಗಾಬರಿ ಬೀಳುತ್ತದೆ ಎಂದು ಆ ಡಾಕ್ಟರಿಗೆ ಹೇಗೆ ತಿಳಿಯಬೇಕು? ನನ್ನ ಮಾನ ಉಳಿಸಿಕೊಳ್ಳಲು ಮೊದಲಿಗಿಂತ ಎರಡು ಕಪ್ಪು ಹೆಚ್ಚೇ ಕುಡಿದೆ. ಇನ್ನು ನಡಿಗೆ. ತಿಕೋಟಾದ ರಸ್ತೆಯಲ್ಲಿ ಬೆಳಿಗ್ಗೆ ಕೈ ಬೀಸಿ ನಡೆದರೆ ಬಿಜಾಪುರದ ಬಸ್ಸಿಗೆ ಕಾದವರೆಲ್ಲ ಎದುರಾಗುತ್ತಿದ್ದರು. "ಛಲೋ ಆತ್ರಿ, ಇಲ್ಲೇ ಸಿಕ್ಕಿರಿ, ನಮ್ಮ ಉತಾರ ಎಲ್ಲಿಗೆ ಬಂತು?" ಕಚೇರಿ ಹತ್ತೂವರೆಗೆ ತೆರೆಯುತ್ತಿತ್ತು, ನನಗೆ ಮಾತ್ರ ಆರಕ್ಕೇ ತೆರೆಯತೊಡಗಿತು. ನಡಿಗೆ ಬಿಟ್ಟೆ.

ಇಂಥ ದಿನಗಳಲ್ಲೇ ಕಳ್ಳಕವಟಗಿಯ ಸಿದರಾಯಪ್ಪ ಬಂದದ್ದು. ಅರವತ್ತರ ಗಟ್ಟಿ ಮುದುಕ. ಕಾಖಂಡಕಿಯ ಒಂದು ಮನೆಯವರೊಡನೆ ಅವನ ಮಗಳ ಲಗ್ನದ ಮಾತುಕತೆ ನಡೆದಿತ್ತು. ಬೀಗರು ಹೊಲದ ಉತಾರ ನೋಡುವುದು ನಮ್ಮಲ್ಲಿ ಹುಡುಗಿಯನ್ನು ನೋಡುವಷ್ಟೇ ಮುಖ್ಯ. ಇಲ್ಲಿಂದ ನೇರ ಅಲ್ಲಿಗೇ ಹೊರಟಿದ್ದೇನೆ, ಈಗಲೇ ಬೇಕೆಂದ. ನಾನು ಬರೆಯಲು ಕೂತೆ. ಹೆಸರು ಬರೆದು, ಸಾಕಿನ್, ಅಂದರೆ ಇಂಥ ಊರಿನವನು ಎಂಬುದಕ್ಕೆ 'ಸಾ॥' ಎಂದು ಹಾಕಿ, ಕಳ್ಳಕವಟಗಿ ಎಂಬ ಹೆಸರಿನ ಅರ್ಧಕ್ಕೆ ಬಂದಿದ್ದೆ. ಒಳಗಿಂದ ಸಾಹೇಬರು ಕೂಗಿದರು. ಓ ಎಂದೆ, ಎದ್ದೆ, ಹೋದೆ. ಬಂದು ಮುಂದಿನ ಸಾಲಿನಿಂದ ಬರೆದು ಮುಗಿಸಿದೆ.

ನಾಲ್ಕು ದಿನ ಬಿಟ್ಟು ಸಿದರಾಯಪ್ಪ ಮತ್ತೆ ಬಂದ. ಕಾಗದ ನನ್ನ ಮುಂದಿಟ್ಟ.

"ಕಾರಕೂನ್ರ, ನಮ್ಮಪ್ಪ ಇಟ್ಟ ಹೆಸರ ಚಂದ ಬರದೀರಿ. ಮುಂದ ನನ್ನ ಕಳ್ಳ ಮಾಡೀರಲ್ರಿ! ಕೆಳಗ ಖರೇ ಅಂತ ಸಿಕ್ಕಾನೂ ಹೊಡದೀರಿ."

ನೋಡಿದೆ. 'ಸಿದರಾಯಪ್ಪ, ಸಾ॥ ಕಳ್ಳ.' ಕವಟಗಿ ನನ್ನ ಮಸಿಯ ದೌತಿಯಲ್ಲೇ ಉಳಿದಿತ್ತು.

ಅವನು ಅದನ್ನು ಓದಿಕೊಂಡದ್ದು ಕಾಖಂಡಕಿಯ ಬಸ್ಸಿನಲ್ಲಿ, ಬಬಲೇಶ್ವರ ದಾಟಿದ ಮೇಲೆ. ಮರಳಿ ಬರಲು ಹೊತ್ತಿರಲಿಲ್ಲ. ಕಾಖಂಡಕಿಯಲ್ಲಿ ಹತ್ತು ಮಂದಿ ಕೂತಿದ್ದರು. ದಾರಿಯಲ್ಲೇ ಓದಿಕೊಂಡೆ ಎಂದು ಹೇಳಿಯೇ ಕಾಗದವನ್ನು ಹಾಗೆಯೇ ಮುಂದಿಟ್ಟ. ವರನ ಅಜ್ಜ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜ ನಗಲಿಲ್ಲ. "ಹೇಳಿ ಕಳಸ್ತೀವಿ" ಎಂದಷ್ಟೇ ಹೇಳಿ ಎದ್ದ. ಹೇಳಿ ಕಳಿಸುತ್ತೇವೆ ಎಂದರೆ ನಮ್ಮ ಕಡೆ ಏನರ್ಥವೆಂದು ಹೆಣ್ಣು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಕಾಕಾ, ಸಾಹೇಬ್ರು ಕೂಗಿದ್ರು, ನಡುವ ಎದ್ದೆ" ಎಂದು ತೊದಲಿದೆ. ಮುದುಕ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

"ನಾ ಗಳೇ ಹೊಡಿಯೂವಾಗ ಬದುವಿನ ಮ್ಯಾಲ ನಿಂತು ಯಾರರ ಕೂಗಿದ್ರ, ಹಿಡದ ಸಾಲ ಮುಗಿಯೂತನಾ ಓ ಅನ್ನೂದಿಲ್ರಿ. ನಡುವ ಎತ್ತ ನಿಂದ್ರಿಸಿದ್ರ ಸಾಲೂ ಸೊಟ್ಟ, ಎತ್ತೂ ಕೆಡತಾವ. ಕೂಗಿದಾವ ಏನ ಸಾಯಂಗಿಲ್ಲ, ನಿಂತಿರತಾನ. ನಿಮ್ಮದೂ ಸಾಲ ಹೌದಿಲ್ಲೋ?"

ಹೌದು. ಕನ್ನಡದಲ್ಲಿ ನೇಗಿಲಿನದೂ ಸಾಲೇ, ಲೇಖನಿಯದೂ ಸಾಲೇ. ಇಷ್ಟು ವರ್ಷ ಬರೆದು ಹೊಟ್ಟೆ ಹೊರೆದವನಿಗೆ ಇದನ್ನು ಉಳುವವನು ಬಂದು ಹೇಳಬೇಕಾಯಿತು. ಹೊಸ ಕಾಗದ ತೆಗೆದು ಬರೆಯಲು ಕೂತೆ. ಸರಿಯಾಗಿ ಊರಿನ ಹೆಸರಿಗೆ ಬಂದಾಗ ಒಳಗಿಂದ ಮತ್ತೆ ಕೂಗು. ನನ್ನ ಅರ್ಧ ಮೈ ಎದ್ದಿತ್ತು. ಸಿದರಾಯಪ್ಪ ನನ್ನನ್ನೇ ನೋಡುತ್ತಿದ್ದ. ಕೂತೆ. ಕ, ವ, ಟ, ಗಿ. ಇನ್ನೊಂದು ಕೂಗು ಬಂತು. ಸಾಲು ಮುಗಿಸಿ, ಲೇಖನಿ ಕೆಳಗಿಟ್ಟು, ನೌಕರಿ ಹೋಯಿತೆಂದುಕೊಂಡೇ ಒಳಗೆ ಹೋದೆ. ಮೈಸೂರು ಕಡೆಯ ನಮ್ಮ ಸಾಹೇಬರು ಸಿಗರೇಟು ಸೇದುತ್ತ, "ಕಡ್ಡಿಪೆಟ್ಟಿಗೆ ಎಲ್ಲಿ ಅಂತ ಕೇಳೋಕೆ ಕೂಗ್ದೆ. ಸಿಕ್ತು ಬಿಡಿ" ಎಂದರು.

ಅಂದಿನಿಂದ ಹಿಡಿದ ಸಾಲು ಮುಗಿಯುವವರೆಗೆ ನಾನು ಕಿವುಡ. ಬಿಟ್ಟ ಚಟ ಇದೊಂದೇ, ಅದರಲ್ಲೇ ಕೈ ನಡುಕ ನಿಂತಿತು. ಸೋಜಿಗವೆಂದರೆ, ಮುಕ್ಕಾಲು ಪಾಲು ಕೂಗುಗಳು ಒಂದು ಸಾಲು ಬರೆಯುವಷ್ಟರಲ್ಲಿ ತಾವಾಗಿಯೇ ಸತ್ತುಹೋಗುತ್ತಿದ್ದವು. ಮನೆಯಲ್ಲಿ ಮಾತ್ರ ಈ ಪ್ರಯೋಗ ಒಂದೇ ದಿನ ನಡೆಯಿತು. ಊಟಕ್ಕೆ ಕರೆದಾಗ ನಾನು ಓ ಅನ್ನಲಿಲ್ಲ, ನಮ್ಮಾಕಿ ಎರಡನೆಯ ಸಲ ಕರೆಯಲಿಲ್ಲ. ಅಂಥ ಕಡೆ ಸಾಲು ಅರ್ಧಕ್ಕೆ ನಿಂತರೂ ಅಡ್ಡಿಯಿಲ್ಲ.

ಆದರೆ ಆ ಹುಡುಗಿಯ ಚಿಂತೆ ಬಿಡಲಿಲ್ಲ. ನನ್ನ ಕೈ ನೆಟ್ಟಗಾಗಲು ಅವಳ ಲಗ್ನ ಮುರಿಯಬೇಕಾಯಿತೇ ಎಂದುಕೊಳ್ಳುತ್ತಿದ್ದೆ. ಹದಿನೈದು ದಿನ ಕಳ್ಳಕವಟಗಿಯ ಕಡೆಯವರು ಕಂಡರೆ ಮುಖ ತಪ್ಪಿಸಿದೆ.

ಹದಿನಾರನೆಯ ದಿನ ಸಿದರಾಯಪ್ಪನೇ ಬಂದ. ನಾನು ಸಾಲು ಮುಗಿಸುವವರೆಗೆ ಮಾತಾಡದೆ ನಿಂತು, ಆಮೇಲೆ ಲಗ್ನಪತ್ರ ಮೇಜಿನ ಮೇಲಿಟ್ಟ.

"ಒಪ್ಪಿದ್ರೇನ್ ಕಾಕಾ! ಹೊಸಾ ಉತಾರ ನೋಡಿ?"

"ಅದನ್ನ ಬಿಚ್ಚಿ ಸೈತ ನೋಡಲಿಲ್ರಿ. ಆ ಅಜ್ಜ ಅವತ್ತ ಮನ್ಯಾಗ ಹೇಳಿಬಿಟ್ಟಿದ್ನಂತ. 'ಸರಕಾರ ಸಿಕ್ಕಾ ಹೊಡದು ಕಳ್ಳ ಅಂತ ಬರಕೊಟ್ಟೈತಿ. ಅದನ್ನ ಓದಿಕೊಂಡೂ ಮುಚ್ಚಿಡದ ತಂದು ನಮ್ಮ ಮುಂದ ಇಟ್ಟಾನ. ಇಂಥಾ ಕಳ್ಳನ ಮನಿ ಹೆಣ್ಣ ನಮಗ ಸಿಗಬೇಕಲ್ರೋ' ಅಂತ."

ನಕ್ಕೆ, ಕಣ್ಣೂ ಒದ್ದೆಯಾಯಿತು. ನಾನು ಅಷ್ಟು ನಿಗಾ ಇಟ್ಟು ಬರೆದ ತಪ್ಪಿಲ್ಲದ ನಕಲು ಯಾರ ಕಣ್ಣಿಗೂ ಬೀಳದೆ ಟ್ರಂಕು ಸೇರಿತು, ತಪ್ಪಿದ್ದೇ ಹುಡುಗಿಗೆ ಮನೆ ತೋರಿಸಿತು. ಹಾಗಾದರೆ ತಪ್ಪೇ ಲೇಸಾಯಿತಲ್ಲ ಎನ್ನುತ್ತೀರಿ. ನನಗೂ ಹಾಗೆನಿಸಿತ್ತು. ಆದರೆ ಬರೆದದ್ದನ್ನು ಬಿಟ್ಟು ಬರೆಯದೆ ಉಳಿದದ್ದನ್ನು ಓದುವ ಅಂಥ ಅಜ್ಜ ನನ್ನ ನೌಕರಿಯಲ್ಲಿ ಒಬ್ಬನೇ ಸಿಕ್ಕ. ಉಳಿದವರೆಲ್ಲ ಬರೆದದ್ದನ್ನೇ ಓದುವವರು. ಅವರಿಗಾಗಿಯಾದರೂ ಊರಿನ ಹೆಸರು ಪೂರ್ತಿ ಬರೆದು, ಆಮೇಲೆ ತಲೆ ಎತ್ತುವುದು ಒಳ್ಳೆಯದು.