ಚಹರೆ ಪಟ್ಟಿಯಲ್ಲಿ ಬಿಟ್ಟುಹೋದ ಹಚ್ಚೆ

ಹೋದ ವಾರ ಪಕ್ಕದ ಮನೆ ಅತ್ತೆ ಒಂದು ಪೇಪರ್ ತುಂಡು ತಂದುಕೊಟ್ಟರು. ಪಿತೃಪಕ್ಷಕ್ಕೆಂದು ದೇವರ ಗೂಡು ತೊಳೆಯುವಾಗ ಸಿಕ್ಕಿತಂತೆ. ಪೇಪರಿನ ಮಡಿಕೆಗಳು ದೀಪದೆಣ್ಣೆ ಕುಡಿದು ಕಮಟು ವಾಸನೆ. ಬಿಡಿಸಿದರೆ, ಒಂದು ಪತ್ತೇದಾರಿ ಧಾರಾವಾಹಿಯ ಬಗ್ಗೆ ನಾನೇ ಬರೆದ ವಿಮರ್ಶೆ. ‘ನಿಧಾನ’ ಎಂಬ ಪದದ ಕೆಳಗೆ ಪೆನ್ನಿನ ಗೆರೆ... ಅದು ಅತ್ತೆಯ ಗಂಡ, ನಮ್ಮ ದಫೇದಾರ್ ಮಾವ ಎಳೆದದ್ದು.

ಮಾವ ಅರಸೀಕೆರೆಯ ನಮ್ಮ ಬೀದಿಗೆಲ್ಲ ಬೇಕಾದ, ರಿಟೈರಾದ ಪೊಲೀಸು. ನಮ್ಮಪ್ಪ, ಅವ್ವ ಹೆಬ್ಬೆಟ್ಟು ಒತ್ತುವವರು. ನನ್ನ ಕಾಲೇಜಿನ ಅರ್ಜಿ ತುಂಬಿದ್ದು ಅವರೇ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಪೇಪರಿಗೆ ಟೀವಿ ವಿಮರ್ಶೆ ಬರೆಯತೊಡಗಿದಾಗ ನನಗಿಂತ ಅವರೇ ಹೆಚ್ಚು ಬೀಗಿದರು. ಎದುರು ಸಿಕ್ಕರೆ, "ಏನ್ ಗ್ರಾಜುಯೇಟಮ್ಮ, ಈ ವಾರ ಯಾರ್‍ನ ಬೈದೆ?"

ಆ ಧಾರಾವಾಹಿಯನ್ನು ಭಾನುವಾರ ಸಂಜೆ ಅವರ ಮನೆಯಲ್ಲೇ ನೋಡುತ್ತಿದ್ದೆ. ಬಾವಿಯಲ್ಲಿ ಸಿಕ್ಕ ಒಬ್ಬ ಹುಡುಗಿಯ ಹೆಣ. ಅವಳ ಹೆಸರು ಹುಡುಕುತ್ತ ಕೊಳಕು ಲಾಡ್ಜು, ಬಸ್‌ಸ್ಟ್ಯಾಂಡು ಅಲೆಯುವ ಇನ್‌ಸ್ಪೆಕ್ಟರು. ಮಾವನ ಕಾಫಿ ಹಾಗೇ ಆರುತ್ತಿತ್ತು. ನಾನೂ ಕಣ್ಣು ಕೀಳದೆ ನೋಡುತ್ತಿದ್ದೆ. ಆದರೆ ಬೆಂಗಳೂರಿನ ವಿಮರ್ಶಕರೆಲ್ಲ ಕತ್ತಲೆ, ಕೊಳಕು, ನಿಧಾನ ಎಂದು ಬರೆದಿದ್ದರು. ಬೇರೆ ಬರೆದರೆ ಹಳ್ಳಿಯವಳಿಗೇನು ಗೊತ್ತು ಅಂದಾರೆಂದು ನಾನೂ ಅದನ್ನೇ ಬರೆದೆ. ಕೆಲವೇ ದಿನಗಳಲ್ಲಿ, ಅರ್ಧಕ್ಕೇ ನಿಲ್ಲಿಸುತ್ತಾರೆಂಬ ಸುದ್ದಿ ಬಂತು.

ಮಾವ ಪೇಪರ್ ಹಿಡಿದು ನಮ್ಮ ಜಗಲಿಗೆ ಬಂದರು. ಅವತ್ತೇ ಮೊದಲ ಸಲ ಬಾಯಿಬಿಟ್ಟರು. ಸರ್ವೀಸಿನಲ್ಲಿ ಅವರಿಗೂ ಒಂದು ಬಾವಿ, ಒಬ್ಬಳು ಹುಡುಗಿ. ಹೆಣದ ಗುರುತು ಬರೆದಿಡುವ ಚಹರೆ ಪಟ್ಟಿ ತುಂಬಿದವರು ಅವರೇ. ಅವಸರದಲ್ಲಿ ‘ಗುರುತು ಇಲ್ಲ’ ಎಂದು ಬರೆದುಬಿಟ್ಟರು. ಮಣ್ಣು ಮಾಡುವಾಗ ಎಡಗೈ ಮೇಲೆ ತುಳಸಿಕಟ್ಟೆಯ ಹಚ್ಚೆ ಕಂಡಿತು. ತಿದ್ದಿದರೆ ಸಾಹೇಬರು ಬೈದಾರೆಂದು ಸುಮ್ಮನಾದರು. ಎರಡು ದಿನ ಬಿಟ್ಟು, ಇವರು ಜಾತ್ರೆ ಬಂದೋಬಸ್ತಿಗೆಂದು ಮಾಲೇಕಲ್ಲಿಗೆ ಹೋಗಿದ್ದಾಗ, ಒಬ್ಬ ತಾಯಿ ಬಂದಳಂತೆ, ಕೈಮೇಲೆ ತುಳಸಿಕಟ್ಟೆ ಇದ್ದ ಮಗಳನ್ನು ಹುಡುಕಿಕೊಂಡು. ಠಾಣೆಯಲ್ಲಿದ್ದವರು ಪಟ್ಟಿ ನೋಡಿ, ಅವಳಲ್ಲ ಹೋಗಮ್ಮ ಎಂದು ಕಳಿಸಿದರು. ಯಾವೂರಿನವಳೆಂದೂ ಕೇಳಿಕೊಳ್ಳಲಿಲ್ಲ...

"ನಿಧಾನ ಅಂದಿದ್ದೀಯ ಕಣವ್ವ. ನಾನು ಇಪ್ಪತ್ತೆರಡು ವರ್ಷದಿಂದ ಹುಡುಕ್ತಾ ಇವ್ನಿ. ಟೀವಿಯವನಿಗಾದ್ರೂ ಸಿಗ್ಲಿ. ಅವಳ ಹೆಸ್ರು ಸಿಗೋಗಂಟ ನಿಲ್ಲಿಸ್ಬ್ಯಾಡಿ ಅಂತ ಇನ್ನೊಂದ್ಸಲ ಬರಿ."

ನಾನೋ ಡಿಗ್ರಿಯ ಗತ್ತಿನಲ್ಲಿ, ಅಚ್ಚಾದ ಮೇಲೆ ಮಾತು ಬದಲಾಯಿಸಿದರೆ ನನ್ನನ್ನು ಯಾರು ನಂಬುತ್ತಾರೆ ಮಾವ, ಅಂದೆ.

"ನಾನೂ ಹಿಂಗೇ ಹೆದ್ರಿದ್ದೆ ಕಣವ್ವ," ಎಂದಷ್ಟೇ ಹೇಳಿ ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಧಾರಾವಾಹಿ ನಿಂತಿತು. ನಾನು ಬರೆದಿದ್ದರೆ ಉಳಿಯುತ್ತಿತ್ತು ಅನ್ನುವಷ್ಟು ದೊಡ್ಡವಳಲ್ಲ. ಆದರೂ ಬರೆಯಬಹುದಿತ್ತು. ಭಾನುವಾರ ಸಂಜೆ ಅದೇ ಹೊತ್ತಿಗೆ ಮಾವ ಟೀವಿ ಮುಂದೆ ಕೂರುತ್ತಿದ್ದರು. ಅದರಲ್ಲಿ ಯಾವುದೋ ಕುಣಿತ ನಡೆಯುತ್ತಿರುತ್ತಿತ್ತು... ಹೋದ ಬೇಸಿಗೆಯಲ್ಲಿ ಅವರೂ ಹೋದರು.

ನಿನ್ನೆ ಅವರ ಮನೆಯಲ್ಲಿ ಎಡೆ ಇಟ್ಟರು. ಒಂದೊಂದು ಎಲೆಗೂ ತೀರಿಕೊಂಡವರ ಹೆಸರು ಹೇಳಿ ನೀರು ಬಿಡುವುದು ಅವರ ಪದ್ಧತಿ. ವರ್ಷವೂ ಮಾವ ಕೊನೆಗೊಂದು ಎಲೆ ಹೆಚ್ಚಿಗೆ ಹಾಕಿ, ಹೆಸರು ಹೇಳುವ ಹೊತ್ತಿಗೆ ಸುಮ್ಮನೆ ಕೂತುಬಿಡುತ್ತಿದ್ದರಂತೆ. ಈ ಸಲ ಮಾವನಿಗೂ ಎಲೆ ಬಿತ್ತು, ಪಕ್ಕದಲ್ಲಿ ಆ ಎಲೆ. ಮಾವನ ಹೆಸರು ಹೇಳಿಯಾದ ಮೇಲೆ ಅತ್ತೆ ತಂಬಿಗೆ ಹಿಡಿದು ನನ್ನ ಮುಖ ನೋಡಿದರು.

"ಇದಕ್ಕೇನಂತ ಕರೀಲವ್ವ?"

ಎಡಗೈ ಮೇಲೆ ತುಳಸಿಕಟ್ಟೆ ಇದ್ದವಳು ಅನ್ನಿ ಅತ್ತೆ, ಅಂದೆ. ಅವರು ಹಾಗೇ ಅಂದು ನೀರು ಬಿಟ್ಟರು.