ಡೆಲ್ಫೀನ್ ಎರಡು ಸಲ ಗುರುತು ತಪ್ಪಿದ್ದು

ಫ್ರೆಂಚ್ ಮಾತಾಡುವ ನಮ್ಮ ಊರು ಪೆತಿ-ಆನ್ಸ್‌ನಲ್ಲಿ ಡೆಲ್ಫೀನ್ ಲರಾಡ್‌ಳ ಕಣ್ಣಿಗೆ ಮಣ್ಣೆರಚಿದವರು ಯಾರೂ ಇರಲಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಅರ್ಧ ಕಳೆದವೆಂದರೆ ಈ ಕಡಲತೀರದಲ್ಲಿ ಮಿ-ಕಾರೆಮ್ ಹಬ್ಬ. ಗಂಡಸರು ಹೆಂಗಸರ ಲಂಗ ತೊಟ್ಟು, ಹೊಟ್ಟೆಗೆ ದಿಂಬು ಕಟ್ಟಿ, ಮುಖಕ್ಕೆ ಮುಸುಕು ಹಾಕಿಕೊಂಡು ಮನೆಮನೆಗೆ ನುಗ್ಗುತ್ತಾರೆ. ಮುಸುಕಿನೊಳಗೆ ಯಾರಿದ್ದಾರೆಂದು ಮನೆಯವರು ಹೇಳಬೇಕು. ಹೇಳುವ ತನಕ ಮುಸುಕು ತೆಗೆಯುವಂತಿಲ್ಲ. ಹೇಳಿದ ಮೇಲೆ ಮಿಠಾಯಿ, ಒಂದು ಗುಟುಕು ರಮ್ಮು, ನಗು. ಡೆಲ್ಫೀನ್ ಮನೆಗೆ ಹೋಗಲು ಮಾತ್ರ ಜನ ಹಿಂಜರಿಯುತ್ತಿದ್ದರು. ಹೊಸಿಲು ದಾಟುವ ಮೊದಲೇ, "ಲೋ ಆಲ್ಸಿದ್, ಆ ಲಂಗ ನಿನ್ನ ಹೆಂಡ್ತಿಗೇ ಬಿಗಿ, ನಿನಗೆ ಹೇಗೋ ಹಿಡೀತು?" ಎಂದುಬಿಡುತ್ತಿದ್ದಳು. ಇದೂ ಒಂದು ಆಟವೇ ಮಾರಾಯ್ರೆ?

ಅವಳಿಗೆ ಗೊತ್ತಾಗುತ್ತಿದ್ದುದರಲ್ಲಿ ಮಾಟಮಂತ್ರವೇನೂ ಇರಲಿಲ್ಲ. ಊರಿನ ಫ್ರೆಂಚ್ ಶಾಲೆಯಲ್ಲಿ ಅವಳು ಅಡುಗೆಯವಳು. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ತಟ್ಟೆ ಹಿಡಿದು ಅವಳ ಮುಂದೆ ಸಾಲಿನಲ್ಲಿ ನಿಂತವರೇ. ಯಾರು ಕುತ್ತಿಗೆ ಓರೆ ಮಾಡಿ ನಿಲ್ಲುತ್ತಾರೆ, ಯಾರು ಒಂದೇ ಕಾಲಿನ ಮೇಲೆ ಭಾರ ಬಿಡುತ್ತಾರೆ ಎಂಬುದೆಲ್ಲ ಅವಳ ಕಣ್ಣಲ್ಲಿ ಕೂತುಬಿಟ್ಟಿತ್ತು. ಹಾಗೆ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುತ್ತಿದ್ದವನು ಅವಳ ಮಗ ರೆಮಿ.

ಆ ಶಾಲೆಯಲ್ಲಿ ಆರನೇ ಕ್ಲಾಸಿನ ತನಕ ಮಾತ್ರ ಫ್ರೆಂಚು. ಮುಂದಿನ ಕ್ಲಾಸುಗಳಿಗೆ ಜಾಗವಿಲ್ಲ. ಹಾಗಾಗಿ ಆಮೇಲೆ ಬಸ್ಸು, ಬೆಟ್ಟದಾಚೆಯ ಪೇಟೆ, ಇಂಗ್ಲಿಷ್ ಶಾಲೆ. ರೆಮಿ ಹೋಗುವಾಗ ಬಾಯಿ ಮುಚ್ಚದ ಹುಡುಗ. ಕೆಲವೇ ವರ್ಷಗಳಲ್ಲಿ ಅವನ ಬಾಯಲ್ಲಿ ಅಮ್ಮ ಹೋಗಿ ಮಮ್ ಬಂತು. ಅವಳು ಫ್ರೆಂಚಿನಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ. ಜಗಳವೇನೂ ಇಲ್ಲ, ಅರ್ಥವೂ ಆಗುತ್ತಿತ್ತು. ಆದರೆ ಅಂಗಡಿಯಲ್ಲಿ ಬೆಲೆ ಕೇಳುವುದಕ್ಕೆ, ಹವಾಮಾನ ಹೇಳುವುದಕ್ಕೆ ಆಗುವಷ್ಟೇ ಇಂಗ್ಲಿಷು ಡೆಲ್ಫೀನ್‌ಳದು. ಮಗನ ಜೊತೆ ಹವಾಮಾನವನ್ನು ಎಷ್ಟು ಹೊತ್ತು ಮಾತಾಡುವುದು? ಅವಳ ಗಂಡ ತೀರಿಕೊಂಡ ದಿನ ತಾಯಿ ಮಗ ಒಂದೇ ಬೆಂಚಿನ ಮೇಲೆ ಸಂಜೆಯವರೆಗೆ ಕೂತಿದ್ದರು. ಯಾವ ಭಾಷೆಯಲ್ಲಿ ಸಮಾಧಾನ ಹೇಳಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಈಗ ರೆಮಿಯ ಮಗಳು ಮನೋನ್ ಆರನೇ ಕ್ಲಾಸು. ಶಾಲೆ ಬಿಟ್ಟ ಕೂಡಲೇ ಅಜ್ಜಿಯ ಅಡುಗೆಮನೆಗೆ ಬಂದು ಕೂತು ಫ್ರೆಂಚಿನಲ್ಲಿ ಬಡಬಡ ಶುರುಮಾಡಿದಳೆಂದರೆ ನಿಲ್ಲಿಸುವವರಿಲ್ಲ. ಸೆಪ್ಟೆಂಬರಿನಲ್ಲಿ ಇವಳನ್ನೂ ಬಸ್ಸು ಒಯ್ಯುತ್ತದೆ ಎಂಬುದು ಡೆಲ್ಫೀನ್‌ಗೆ ಎದೆಯಲ್ಲಿ ಮುಳ್ಳಾಗಿತ್ತು. ಶಾಲೆಗೆ ಹೊಸ ಕಟ್ಟಡ ಸೇರಿಸಿ, ಹನ್ನೆರಡನೇ ಕ್ಲಾಸಿನ ತನಕ ಇಲ್ಲೇ ಓದಿಸಿ ಎಂದು ಊರವರು ಸರ್ಕಾರವನ್ನು ಕೇಳುತ್ತಲೇ ಬಂದಿದ್ದರು. ಸರ್ಕಾರ ನೋಡೋಣ ಎನ್ನುತ್ತಿತ್ತು. ನೋಡೋಣ ಎಂದ ಸರ್ಕಾರ ನೋಡಿದ್ದುಂಟೇ! ಆದರೆ ಆ ವರ್ಷ ನಿಜವಾಗಿಯೂ ಸುದ್ದಿ ಬಂತು. ಮಿ-ಕಾರೆಮ್ ಕಳೆದ ಮರುವಾರ ಇಲಾಖೆಯ ಅಧಿಕಾರಿಯೊಬ್ಬ ಬರುತ್ತಾನೆ. ಅವನಿಗೆ ಇಕ್ಕಟ್ಟು ಮನವರಿಕೆಯಾದರೆ ದುಡ್ಡು, ಇಲ್ಲವಾದರೆ ಬಸ್ಸು.

ಮಿ-ಕಾರೆಮ್ ದಿನ ಬೆಳಿಗ್ಗೆ ಮನೋನ್ ಅಜ್ಜಿಯ ಕಿವಿಯಲ್ಲಿ, "ಅಪ್ಪ ಈ ಸಲ ವೇಷ ಹಾಕ್ತಾನಂತೆ" ಎಂದಳು. ಬಸ್ಸು ಹತ್ತಿದಂದಿನಿಂದ ರೆಮಿ ಒಮ್ಮೆಯೂ ವೇಷ ಹಾಕಿದವನಲ್ಲ. ಡೆಲ್ಫೀನ್ ಶಾಲೆಯ ಅಡುಗೆಮನೆಯಲ್ಲಿ ಫ್ರಿಕೋ, ಅಂದರೆ ನಮ್ಮ ಕೋಳಿ ಆಲೂಗಡ್ಡೆ ಸಾರು, ಕುದಿಸುತ್ತ ಅದನ್ನೇ ಯೋಚಿಸುತ್ತಿದ್ದಳು. ಆಗ ಹಿಂಬಾಗಿಲು ತೆರೆಯಿತು. ಹಿಮ ಮೆತ್ತಿಕೊಂಡ ಎತ್ತರದ ಆಳು. ಉಣ್ಣೆಯ ಮುಸುಕಿನಲ್ಲಿ ಕಣ್ಣೆರಡು ಬಿಟ್ಟರೆ ಏನೂ ಕಾಣುವುದಿಲ್ಲ. ಬೂಟಿನ ಹಿಮ ಕೊಡವುತ್ತ ಅವನು ಒಂದೇ ಕಾಲಿನ ಮೇಲೆ ನಿಂತ.

"ಬಂದ್ಯಾ! ಅಂತೂ ಬಂದ್ಯಲ್ಲೋ ಕಳ್ಳ!" ಡೆಲ್ಫೀನ್ ಸೌಟು ಬಿಟ್ಟು ಹೋಗಿ ಮುಸುಕಿನ ಮೇಲಿಂದಲೇ ಅವನ ಕಿವಿ ಹಿಡಿದಳು.

"ಅದು, ನಾನು..."

"ಬಾಯಿ ಮುಚ್ಚು. ನೀನು ಬಾಯಿ ಬಿಟ್ರೆ ಇಂಗ್ಲಿಷ್ ಬರುತ್ತೆ, ನನ್ನ ಹೊಟ್ಟೆ ಉರಿಯುತ್ತೆ. ಇವತ್ತು ಮುಸುಕಿದೆ, ನಾನು ಹೇಳ್ತೀನಿ, ನೀನು ಕೇಳು." ಅವನನ್ನು ಸ್ಟೂಲಿನ ಮೇಲೆ ಕೂರಿಸಿದಳು, ಕಿವಿ ಬಿಡಲಿಲ್ಲ. "ಆವತ್ತು ನಿನ್ನನ್ನ ಬಸ್ಸಿಗೆ ಹತ್ತಿಸಿ ಟಾಟಾ ಮಾಡಿದ್ದು ನಾನೇ ಕಣೋ. ನಗ್ತಾ ಮಾಡ್ದೆ. ನಿನ್ನ ತಪ್ಪಲ್ಲ, ನನ್ನದೂ ಅಲ್ಲ. ಆದ್ರೆ ಅಲ್ಲಿಂದಾಚೆ ನೀನು ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಿದ್ದಿದ್ಯಾ? ನಿನ್ನ ಸುಖ ಏನು, ದುಃಖ ಏನು, ನನಗೊಂದೂ ಗೊತ್ತಿಲ್ಲ. ಈಗ ಮನೋನ್‌ನೂ ಹತ್ತಿಸ್ಬೇಕಾ? ಆ ಕೂಸಿನ ಬಾಯೂ ನಿಂತ್ರೆ ನಾನ್ಯಾರ ಜೊತೆ ಮಾತಾಡ್ಲಿ, ಒಲೆ ಜೊತೆನಾ?"

ಮೂಗೊರೆಸಿಕೊಳ್ಳಲು ಅವಳು ಕಿವಿ ಬಿಟ್ಟಳು. ಅವನು ಮೆಲ್ಲಗೆ ಮುಸುಕು ಎಳೆದ. ಒಳಗಿನಿಂದ ಕೆಂಪು ಗಡ್ಡದ, ಕನ್ನಡಕದ, ಜನ್ಮದಲ್ಲಿ ನೋಡಿರದ ಮುಖವೊಂದು ಹೊರಬಂತು.

"ಅಮ್ಮಾ, ನಾನು ಇಲಾಖೆಯವನು," ಎಂದನಾತ, ಒಳ್ಳೆಯ ಫ್ರೆಂಚಿನಲ್ಲಿ. "ಮುಂದಿನ ವಾರ ಬಿರುಗಾಳಿ ಅಂದ್ರು, ಅದಕ್ಕೆ ಇವತ್ತೇ ಬಂದೆ. ಮುಂಬಾಗಿಲು ಹಿಮದಲ್ಲಿ ಹೂತುಹೋಗಿತ್ತು."

ಅಯ್ಯೋ ದೇವರೇ! ಡೆಲ್ಫೀನ್ ಗಾಬರಿಯಲ್ಲಿ ಹಿಂದೆ ಸರಿದು ಪಾತ್ರೆಗಳನ್ನು ಉರುಳಿಸಿದಳು. ಗಲಾಟೆ ಕೇಳಿ ಓಡಿಬಂದ ಹೆಡ್‌ಮಿಸ್ಟ್ರೆಸ್ ಮದಾಮ್ ಅರ್ಸೆನೋ ಮಸಿಯಲ್ಲಿ ಮೀಸೆ ಬರೆದುಕೊಂಡು ಬೆಸ್ತನ ವೇಷದಲ್ಲಿದ್ದರು. ಆ ಮೀಸೆಯಲ್ಲೇ ಅವರು ಅಧಿಕಾರಿಗೆ ಶಾಲೆ ತೋರಿಸಿದರು. ಮೂರನೇ ಕ್ಲಾಸು ಓಣಿಯಲ್ಲಿ, ಕೋಟುಗಳ ಕೆಳಗೆ. ಸಂಗೀತ ಬಾಯ್ಲರ್ ಕೋಣೆಯಲ್ಲಿ. ಎಲ್ಲರಿಗೂ ಮುಸುಕು, ಯಾವುದು ಮಗು ಯಾವುದು ಟೀಚರು ಎಂದು ಅವನಿಗೆ ತಿಳಿದಿದ್ದರೆ ಕೇಳಿ. ಎರಡು ಬಟ್ಟಲು ಫ್ರಿಕೋ ತಿಂದು, ದುಡ್ಡಿನ ಮಾತೆತ್ತದೆ ಹೊರಟುಹೋದ.

ಊರಿಗೆ ನಗೆಹಬ್ಬ. "ಕಿವಿ ಹಿಂಡಿದ್ರೆ ಸರ್ಕಾರದಿಂದ ದುಡ್ಡು ಉದುರುತ್ತೆ ಅಂತ ಮಾಡ್ಕೊಂಡ್ಯಾ ಡೆಲ್ಫೀನ್?" ಎಂದು ಆಲ್ಸಿದ್ ಅಂಚೆ ಕಚೇರಿಯಲ್ಲಿ ಎಲ್ಲರೆದುರು ಕೇಳಿದ. ಅವಳೂ ನಕ್ಕಳು. ಮನೆಗೆ ಬಂದ ಮೇಲೆ ಮಾತ್ರ, ಊರ ಮಕ್ಕಳ ಶಾಲೆಯನ್ನು ತನ್ನ ಕೈಯಾರೆ ಕಳೆದೆನಲ್ಲ ಎಂದು ಕೊರಗಿದಳು. ಅವಳು ಅಂದು ಆಡಿದ ಮಾತನ್ನೆಲ್ಲ ತಟ್ಟೆ ಹಿಡಿದು ಬಾಗಿಲಾಚೆ ನಿಂತಿದ್ದ ಮಕ್ಕಳು ಕೇಳಿಸಿಕೊಂಡಿದ್ದರು. ಮನೋನ್ ಅದನ್ನು ಒಂದಕ್ಷರ ಬಿಡದೆ ಅಪ್ಪನಿಗೆ ಒಪ್ಪಿಸಿದಳು. ಆ ಸಂಜೆ ಹಾಕಬೇಕೆಂದಿದ್ದ ವೇಷ ರೆಮಿ ಹಾಕಲಿಲ್ಲ. ಮರುದಿನ ಬಂದು ತಾಯಿಯ ಅಂಗಳದ ಹಿಮವನ್ನೆಲ್ಲ ಸಲಿಕೆಯಲ್ಲಿ ಎತ್ತಿಹಾಕಿ, ಒಳಗೆ ಬಾರದೆ ಹೋದ.

ಮೇ ತಿಂಗಳಲ್ಲಿ, ಏಡಿ ದೋಣಿಗಳು ಕಡಲಿಗಿಳಿದಿದ್ದಾಗ, ಹೆಡ್‌ಮಿಸ್ಟ್ರೆಸ್ ಅಡುಗೆಮನೆಗೆ ಓಡಿಬಂದರು. "ಡೆಲ್ಫೀನ್, ಕೊಟ್ರು ಕಣೆ! ಕಟ್ಟಡ ಪೂರ್ತಿಗೂ ಕೊಟ್ರು!" ಗೋಡೆ ಏಳುವ ತನಕ ಏಳನೇ ಕ್ಲಾಸು ಚರ್ಚಿನ ಹಾಲಿನಲ್ಲಿ ನಡೆಯಬಹುದು ಎಂದೂ ಒಪ್ಪಿದ್ದರು. ಓಣಿಯಲ್ಲಿ ಕೂತ ಮಕ್ಕಳನ್ನು ನೋಡಿದ್ದಕ್ಕೋ, ಫ್ರಿಕೋಗೋ, ಕಿವಿ ಹಿಂಡಿದ್ದಕ್ಕೋ ಯಾರಿಗೆ ಗೊತ್ತು. ಡೆಲ್ಫೀನ್ ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಮಗುವಿನಂತೆ ಅತ್ತಳು. ಸೆಪ್ಟೆಂಬರಿನ ಮೊದಲ ದಿನ ಪೇಟೆಯ ಬಸ್ಸು ಅವಳ ಮನೆ ಮುಂದೆ ನಿಲ್ಲದೆ ಹೋಯಿತು. ಅವಳು ಕಿಟಕಿಯಲ್ಲಿ ನಿಂತು ಅದಕ್ಕೂ ಟಾಟಾ ಮಾಡಿದಳು.

ಮರುವರ್ಷದ ಮಿ-ಕಾರೆಮ್ ಹೊತ್ತಿಗೆ ಹೊಸ ಕಟ್ಟಡಕ್ಕೆ ಚಾವಣಿಯೊಂದು ಬಾಕಿ. ಸಂಜೆ ಡೆಲ್ಫೀನ್ ಮನೆಗೆ ಒಂದು ಗುಂಪು ನುಗ್ಗಿತು. ಅವಳು ಎಂದಿನಂತೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಕೂರಿಸಿದಳು. ಕೊನೆಗೆ ಹೊಸಿಲಾಚೆ ಒಬ್ಬ ಉಳಿದ. ಅವಳ ಗಂಡನ ಹಳೆಯ ಮಳೆಕೋಟು, ಮುಖಕ್ಕೆ ಹಿಟ್ಟಿನ ಚೀಲ, ಭಾರವೆಲ್ಲ ಒಂದೇ ಕಾಲಿನ ಮೇಲೆ. ಹೆಸರು ಅವಳ ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅವನು ಮಾತಾಡಿದ. ಫ್ರೆಂಚು, ತುಕ್ಕು ಹಿಡಿದ ಫ್ರೆಂಚು. "ಹೊರಗೆ... ಚಳಿ. ತುಂಬಾ. ಒಳಗೆ ಬರ್ಲಾ?"

ಡೆಲ್ಫೀನ್ ತೆರೆದ ಬಾಯಿ ಮುಚ್ಚಿದಳು.

"ಯಾರಪ್ಪಾ ಇದು? ಗುರುತೇ ಹತ್ತಲಿಲ್ವಲ್ಲ! ಆಲ್ಸಿದ್, ನಿನ್ನ ತಮ್ಮನಾ?"

"ಅಲ್ಲ," ಎಂದಿತು ಚೀಲ.

"ಹಾಗಿದ್ರೆ ಇನ್ನೊಂದು ಸ್ವಲ್ಪ ಮಾತಾಡು, ನೋಡೋಣ."

ಅವನು ತಡವರಿಸುತ್ತ ದೋಣಿಯ ವಿಷಯ ಹೇಳಿದ, ಬಂದರಿನ ಮಂಜುಗಡ್ಡೆಯ ವಿಷಯ ಹೇಳಿದ. ಅಪ್ಪ ಸತ್ತ ದಿನ ಬೆಂಚಿನ ಮೇಲೆ ಏನು ಹೇಳಬೇಕೆಂದಿದ್ದೆ ಎಂಬುದನ್ನೂ ಹೇಳಿದ. ಒಂದು ಶಬ್ದಕ್ಕೆ ನಿಂತಾಗ ಅಜ್ಜಿಯ ಪಕ್ಕ ಕೂತಿದ್ದ ಮನೋನ್ ಪಿಸುಗುಟ್ಟಲು ಹೋದಳು. "ನೀನು ಹೇಳ್ಕೊಡ್ಬೇಡ," ಎಂದು ಡೆಲ್ಫೀನ್ ಗದರಿದಳು. ಉಳಿದವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಎದ್ದುಹೋದರು.

ಚೀಲದೊಳಗೆ ಅವನು ಬೆವೆತುಹೋಗಿದ್ದ. "ಉಸಿರು ಕಟ್ತಿದೆ ಅಮ್ಮ. ನಾನ್ಯಾರು ಅಂತ ಹೇಳ್ಬಿಡಮ್ಮ."

"ಗೊತ್ತಾಗ್ತಿಲ್ಲಪ್ಪ," ಎಂದಳು ಡೆಲ್ಫೀನ್, ಕಣ್ಣೊರೆಸಿಕೊಳ್ಳುತ್ತ. "ಇನ್ನೊಂದು ಸ್ವಲ್ಪ ಮಾತಾಡು."