ಹೊಸ್ತಿಲ ಮೇಲಿನ ಉಪ್ಪು

ನಿಕಾಸಿಯಾಳ ನಾಯಿಯನ್ನು ಕಟ್ಟಿಹಾಕಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುದುಕಿ ಸುತ್ತಿ ಬಳಸಿ ಮಾತಾಡಿ ತನ್ನ ಬುಡಕ್ಕೆ ನೀರು ಬಾರದಂತೆ ನೋಡಿಕೊಂಡಳು ಎಂದು ಆಮೇಲೆ ಯಾರೂ ಆಡಿಕೊಳ್ಳಬಾರದು.

ಗಣಿಗಳ ಊರು ಒರೂರೊದ ಈ ಗುಡ್ಡದ ಕೇರಿಯಲ್ಲಿ ಬ್ರೆಡ್ಡು ಸುಡುವವಳು ನಾನು, ತಿಬುರ್ಸಿಯಾ. ನಿಕಾಸಿಯಾ ನನ್ನ ಕೊಮಾದ್ರೆ. ಚರ್ಚಿನಲ್ಲಿ ನನ್ನ ಮಗನ ತಲೆಗೆ ಜ್ಞಾನಸ್ನಾನದ ನೀರು ಹಾಕಿಸಿದ ದಿನ ಜ್ಞಾನತಾಯಿಯಾಗಿ ಅವನನ್ನು ಎತ್ತಿಕೊಂಡು ನಿಂತವಳು ಅವಳು. ಅಂದಿನಿಂದ ಅವಳು ಸಾಯುವವರೆಗೂ ಒಬ್ಬರನ್ನೊಬ್ಬರು ಹಾಗೆಯೇ ಕರೆದೆವು. ಅವಳ ಗಂಡ ತವರದ ಗಣಿಯ ಧೂಳನ್ನು ಎದೆತುಂಬ ತುಂಬಿಕೊಂಡು, ನಲವತ್ತು ತುಂಬುವ ಮುಂಚೆ ಕೆಮ್ಮಿ ಕೆಮ್ಮಿ ಸತ್ತ. ಅವಳು ಹೆತ್ತದ್ದು ನಾಲ್ಕು. ಒಂದೂ ಎರಡು ವರ್ಷ ದಾಟಲಿಲ್ಲ. ಆಮೇಲೆ ಮೂವತ್ತು ವರ್ಷ ಅವಳು ದಿನಾ ನೇರಳೆ ಮೆಕ್ಕೆಜೋಳದ ಗಂಜಿ ಕಾಯಿಸಿ, ಕೆಳಗೆ ಬಸ್ಸು ನಿಲ್ಲುವ ಮೂಲೆಯಲ್ಲಿ ಕೂತು ಮಾರಿದಳು. ಕುಳ್ಳಿ, ಮಾತು ಕಡಿಮೆ. ನಾನು ಬಾಯಿಬಡಕಿ. ಅದಕ್ಕೇ ನಮ್ಮ ಸ್ನೇಹ ಬಾಳಿತು.

ತಿಪ್ಪೆಯಲ್ಲಿ ಬಿದ್ದಿದ್ದ ಕರಿಮರಿಯೊಂದನ್ನು ಒಂದು ದಿನ ಶಾಲಿನಲ್ಲಿ ಸುತ್ತಿಕೊಂಡು ಬಂದಳು. ಮೈತುಂಬ ಕೂದಲಿತ್ತೆಂದು ಓಸೊ, ಅಂದರೆ ಕರಡಿ, ಎಂದು ಹೆಸರಿಟ್ಟಳು.

"ತನಗೇ ಹೊಟ್ಟೆಗೆ ಗತಿಯಿಲ್ಲ, ಕರಡಿ ಬೇರೆ ಸಾಕ್ತಾಳಂತೆ," ಅಂದೆ.

"ನಿನ್ನ ಒಲೇಲಿ ಸೀದಿರೋದು ಕೊಡು ಸಾಕು ಕೊಮಾದ್ರೆ. ಇದು ನಿನ್ನಷ್ಟೇನೂ ತಿನ್ನಲ್ಲ," ಅಂದಳು.

ಆ ನಾಯಿಗೆ ಒಂದು ಗುಣವಿತ್ತು. ಮಕ್ಕಳು ಸಂಕಟಪಟ್ಟರೆ ಅದಕ್ಕೆ ತಡೆಯಲಾಗುತ್ತಿರಲಿಲ್ಲ. ಹಟದ ಅಳು ಯಾವುದು, ನೋವಿನ ಅಳು ಯಾವುದು ಎಂದು ಹೆತ್ತ ತಾಯಿಗಿಂತ ಚೆನ್ನಾಗಿ ಅದಕ್ಕೆ ಗೊತ್ತಿತ್ತು. ಹಟಕ್ಕೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ನೋವಾದರೆ ಎಲ್ಲಿದ್ದರೂ ಎದ್ದು ಹೋಗಿ ಮಗುವಿನ ಪಕ್ಕೆಗೆ ಮೈಯೊತ್ತಿ ಕೂರುತ್ತಿತ್ತು. ಅಳದೆ ಒಳಗೊಳಗೇ ಬೇಯುವ ಮಕ್ಕಳೂ ಇರುತ್ತವಲ್ಲ, ಅವನ್ನೂ ಹುಡುಕಿಕೊಂಡು ಹೋಗುತ್ತಿತ್ತು. ಕುಡಿದು ಬಂದು ಮಕ್ಕಳಿಗೆ ಬಾರಿಸಿದವರ ಬಾಗಿಲಲ್ಲಿ ಬೆಳಗಾದರೆ ಓಸೊ ಹಾಜರು, ಮನೆಯ ಗುಟ್ಟು ಕೇರಿಗೆಲ್ಲ ರಟ್ಟು. ಹಾಗಾಗಿ ಕೆಲವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಮೊಮ್ಮಗ ಒಣಕಾಲುವೆಗೆ ಬಿದ್ದು ಕಾಲು ಮುರಿದುಕೊಂಡಾಗ ನನ್ನ ಲಂಗ ಕಚ್ಚಿ ಎಳೆದುಕೊಂಡು ಹೋದದ್ದೂ ಅದೇ. ಆವತ್ತೇ ನನಗೆ ಬುದ್ಧಿ ಬರಬೇಕಿತ್ತು.

ನಮ್ಮಲ್ಲಿ ಚಳಿಗಾಲ ಬರುವುದು ಜೂನ್ ತಿಂಗಳಲ್ಲಿ, ಆ ವರ್ಷದ್ದು ಹಾಳಾದ ಚಳಿ. ಬಕೆಟ್ಟಿನ ನೀರು ಮಧ್ಯಾಹ್ನದವರೆಗೆ ಮಂಜುಗಡ್ಡೆಯಾಗಿಯೇ ಇರುತ್ತಿತ್ತು. ಮೇಲಿನ ಸಾಲಿನ ಮನೆಯೊಂದರಲ್ಲಿ ಕೂಸಿಗೆ ಕಫ ಕಟ್ಟಿತು. ಓಸೊ ಹೋಗಿ ಆ ಮನೆಯ ಹೊಸ್ತಿಲನ್ನು ಪರಪರ ಕೆರೆಯಿತು. ಮೂರನೆಯ ದಿನಕ್ಕೆ ಕೂಸು ಹೋಯಿತು. ಹದಿನೈದು ದಿನಕ್ಕೆ ಇನ್ನೊಂದು ಮನೆಯಲ್ಲಿ ಹಾಗೇ ಆಯಿತು. ನಾಯಿ ಹೊಸ್ತಿಲಲ್ಲಿ ನೆಲ ಕೆರೆದರೆ ಆ ಮನೆಯವರಿಗೆ ಗುಣಿ ತೋಡಿದ ಹಾಗೆ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಆ ಗುಂಡಿಯನ್ನು ಕೂಡಲೇ ಮುಚ್ಚಿ, ಮೇಲೊಂದು ಹಿಡಿ ಉಪ್ಪು ಸುರಿದರೆ ಸಾವು ದಾರಿ ತಪ್ಪುತ್ತದಂತೆ. ನನ್ನ ಅಜ್ಜಿ ಹಾಗೆ ಮಾಡುತ್ತಿದ್ದಳು, ನಾನೂ ಮಾಡುತ್ತಿದ್ದೆ.

ಕೇರಿಯ ಹಿರಿಯ ದೋನ್ ಕ್ರಿಸೊಸ್ತೊಮೊ ನನ್ನ ಒಲೆಯ ಮುಂದೆಯೇ ನಿಂತು ಹೇಳಿದ: "ಅದು ನಾಯಿಯಲ್ಲ, ಗೋರಿ ಅಗೆಯೋನು. ಮಾಂಸಕ್ಕೆ ಇಲಿಪಾಷಾಣ ಹಚ್ಚಿ ಹಾಕಿದ್ರೆ ಒಂದೇ ದಿನಕ್ಕೆ ಮುಗಿಯುತ್ತೆ."

ನಾನು ನಿಕಾಸಿಯಾಳ ಮನೆಗೆ ಹೋದೆ. "ಕಟ್ಟಿಹಾಕು ಅದನ್ನ. ಇಲ್ಲದಿದ್ರೆ ವಿಷ ಹಾಕ್ತಾರೆ."

"ಅದು ಸಾವು ಕರೀತಿಲ್ಲ ಕೊಮಾದ್ರೆ. ಮಗು ನರಳೋದು ಅದಕ್ಕೆ ಕೇಳಿಸುತ್ತೆ. ಒಳಗೆ ಹೋಗೋಕೆ ಕೆರೆಯುತ್ತೆ, ಅಷ್ಟೇ."

"ಎರಡು ಕೂಸು ಹೋದವಲ್ಲೇ."

"ನಾಯಿ ಹೇಳಿದಾಗಲೇ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ರೆ ಹೋಗ್ತಿರಲಿಲ್ಲ."

ಅವಳು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ. ನನಗೆ ರೇಗಿತು. "ಹೇಳ್ತೀಯಮ್ಮ, ನಿನಗೇನು? ನಿನ್ನ ಮಕ್ಕಳು ಯಾವತ್ತೋ ಮಣ್ಣಿಗೆ ಹೋದ್ವು. ಕಳ್ಕೊಳ್ಳೋಕೆ ನಿನ್ ಹತ್ರ ಇನ್ನೇನಿದೆ?" ಅಂದೆ.

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ! ಅವಳು ಲಾಮಾ ಉಣ್ಣೆಯ ಹಗ್ಗ ತಂದು ಓಸೊವನ್ನು ಅಂಗಳದ ಕಂಬಕ್ಕೆ ಕಟ್ಟಿದಳು. ಅವಳು ಗಂಟು ಬಿಗಿಯುವವರೆಗೂ ನಿಲ್ಲದೆ ನಾನು ಎದ್ದು ಬಂದೆ.

ಅವಳ ಪಕ್ಕದ ಮನೆ ದೆಲ್ಫಿನಾಳದು. ಗಂಡ ಗಡಿಯಾಚೆ ಚಿಲಿಗೆ ದುಡಿಯಲು ಹೋದವನು ಪತ್ತೆಯಿರಲಿಲ್ಲ. ಅವಳು ಸಂತೆಯಲ್ಲಿ ಈರುಳ್ಳಿ ಮಾರುತ್ತಿದ್ದಳು. ಐದು ವರ್ಷದ ವಿಲ್ಮಾ, ಎರಡು ವರ್ಷದ ರೆಂಬೆರ್ತೊ, ಇಬ್ಬರನ್ನೂ ಮನೆಯೊಳಗಿಟ್ಟು, ಕೆಂಡದ ಅಗ್ಗಿಷ್ಟಿಕೆ ಇಟ್ಟು, ಹೊರಗಿನಿಂದ ಬೀಗ ಜಡಿದು ಹೋಗುತ್ತಿದ್ದಳು. ಬಯ್ಯಬೇಡಿ ಅವಳನ್ನು. ಇಲ್ಲಿ ದುಡಿಯುವ ತಾಯಂದಿರೆಲ್ಲ ಹಾಗೇ ಮಾಡಿದ್ದೇವೆ, ನಾನೂ ಮಾಡಿದ್ದೇನೆ. ಮಕ್ಕಳು ಬೀದಿಗೆ ಬೀಳಬಾರದು, ಚಳಿಗೆ ಸೆಟೆಯಬಾರದು ಎಂದು ಮಾಡಿದ್ದು. ಆ ಶುಕ್ರವಾರ ಗಾಳಿ ಜೋರಾಗಿತ್ತೆಂದು ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ ಹೋಗಿದ್ದಳು.

ಬೆಳಿಗ್ಗೆ ಒಂಬತ್ತಕ್ಕೆ ಓಸೊ ಊಳಿಡಲು ಶುರುಮಾಡಿತು. ನನ್ನ ಒಲೆಯಿಂದ ನಿಕಾಸಿಯಾಳ ಅಂಗಳ ಕಾಣುತ್ತದೆ. ಅವಳು ಕೆಳಗೆ ಬಸ್ಸಿನ ಮೂಲೆಯಲ್ಲಿದ್ದಳು. ಹತ್ತಾದರೂ ನಾಯಿ ನಿಲ್ಲಿಸಲಿಲ್ಲ. ನಾನು ಹೋಗಿ "ಮುಚ್ಚೋ ಬಾಯಿ, ಪಿಶಾಚಿ" ಎಂದು ಗದರಿ ಕಲ್ಲು ಬೀರಿದೆ. ಅದು ನನ್ನ ಕಡೆ ತಿರುಗಲೂ ಇಲ್ಲ. ಹಗ್ಗ ಕೊರೆದು ಕತ್ತು ರಕ್ತವಾಗಿತ್ತು. ಅದರ ಕಣ್ಣು ದೆಲ್ಫಿನಾಳ ಬಾಗಿಲ ಮೇಲಿತ್ತು. ಕಟ್ಟಿಹಾಕಿಸಿದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಇನ್ನೊಂದು ಸಲ ಬ್ರೆಡ್ಡು ಒಲೆಗೆ ಹಾಕಿ ಬರುವಷ್ಟರಲ್ಲಿ ಅದು ಹಗ್ಗ ಕಡಿದಿತ್ತು. ದೆಲ್ಫಿನಾಳ ಬಾಗಿಲ ಬುಡದಲ್ಲಿ ಮಣ್ಣು ಚಿಮ್ಮಿಸುತ್ತ ಅಗೆಯುತ್ತಿತ್ತು. ಬಾಗಿಲ ಅಡಿಯಲ್ಲಿ ಅಂಗೈ ತೂರುವಷ್ಟು ಗುಂಡಿಯಾಗಿತ್ತು.  ಒಲೆಯ ಸಲಿಕೆಯಿಂದ ಅದರ ಬೆನ್ನಿಗೆ ಬಾರಿಸಿ ಓಡಿಸಿದೆ. ಮೊಣಕಾಲೂರಿ ಕೂತು, ಆ ಗುಂಡಿಯನ್ನು ಮಣ್ಣು ಹಾಕಿ ಒತ್ತೊತ್ತಿ ಮುಚ್ಚಿದೆ. ಬ್ರೆಡ್ಡಿಗೆಂದು ಜೇಬಿನಲ್ಲಿಟ್ಟಿದ್ದ ಕಲ್ಲುಪ್ಪನ್ನು ಹಿಡಿತುಂಬ ತೆಗೆದು ಸುರಿದೆ. ಒಳಗೆ ಸದ್ದಿರಲಿಲ್ಲ. ಮಕ್ಕಳು ನಿದ್ದೆ ಹೋಗಿರಬೇಕು, ಎಬ್ಬಿಸುವುದು ಬೇಡ ಎಂದು ಸದ್ದಾಗದಂತೆ ಎದ್ದು ಬಂದೆ.

ಏಟು ತಿಂದ ಓಸೊ ಅಲ್ಲಿಂದ ನೆಟ್ಟಗೆ ನಿಕಾಸಿಯಾಳ ಹತ್ತಿರ ಓಡಿತ್ತು. ಅವಳು ಗಂಜಿಯ ಪಾತ್ರೆಯನ್ನು ಹಾಗೇ ಬಿಟ್ಟು, ಅರವತ್ತೆರಡರ ವಯಸ್ಸಿನಲ್ಲಿ ಗುಡ್ಡದ ಮೆಟ್ಟಿಲು ಹತ್ತಿ ಓಡಿಬಂದಳು. ಕಲ್ಲಿನಿಂದ ಬೀಗ ಒಡೆದಳು. ಸದ್ದಿಗೆ ನಾನೂ ಓಡಿದೆ.

ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಸುಮ್ಮನೆ ಮಲಗಿಸಿಬಿಡುತ್ತದೆ. ಹುಡುಗ ಮಂಚದ ಮೇಲಿದ್ದ. ನಿಕಾಸಿಯಾ ಅವನನ್ನು ಎತ್ತಿ ನನ್ನ ಕೈಗೆ ತುರುಕಿದಳು. ವಿಲ್ಮಾ ಬಾಗಿಲ ಬಳಿ ಬೋರಲು ಬಿದ್ದಿದ್ದಳು. ನಾಯಿಯ ಸದ್ದು ಕೇಳಿ ತೆವಳಿಕೊಂಡು ಅಲ್ಲಿಯವರೆಗೆ ಬಂದಿರಬೇಕು. ಅವಳ ಮೂಗು ಹೊಸ್ತಿಲ ಬುಡದಲ್ಲಿತ್ತು, ಗುಂಡಿ ಇದ್ದ ಜಾಗದಲ್ಲೇ. ನಾನು ಒತ್ತಿದ ಮಣ್ಣು ಅವಳ ತುಟಿಗೆ ಮೆತ್ತಿಕೊಂಡಿತ್ತು. ಮೈ ಇನ್ನೂ ಬಿಸಿಯಿತ್ತು, ಉಸಿರಿರಲಿಲ್ಲ.

ಹುಡುಗ ಗಾಳಿಗೆ ಬಂದ ಮೇಲೆ ವಾಂತಿ ಮಾಡಿಕೊಂಡು ಅತ್ತ. ಓಸೊ ಕುಂಟುತ್ತ ಬಂದು ಅವನ ಪಕ್ಕೆಗೆ ಮೈಯೊತ್ತಿ ಮಲಗಿತು. ಕೇರಿಯ ಜನ ಓಡಿಬರುವುದು ಕಾಣುತ್ತಿತ್ತು. ನಿಕಾಸಿಯಾ ಒಮ್ಮೆ ಹೊಸ್ತಿಲ ಮೇಲಿನ ಉಪ್ಪನ್ನು ನೋಡಿದಳು, ಒಮ್ಮೆ ಉಪ್ಪಿನ ಹರಳು ಅಂಟಿದ್ದ ನನ್ನ ಜೇಬನ್ನು ನೋಡಿದಳು.  ಅವಳು ಬಾಗಿ, ಲಂಗದ ಅಂಚಿನಿಂದ ಆ ಉಪ್ಪನ್ನೆಲ್ಲ ಮಣ್ಣಿನಲ್ಲಿ ಒರೆಸಿ ಕಲಸಿಬಿಟ್ಟಳು.

ಆಮೇಲೆ ಎಂಟು ವರ್ಷ ಬದುಕಿದಳು. ನನ್ನ ಒಲೆಯ ಮುಂದೆ ಕೂತು ಅದೇ ಸೀದ ಬ್ರೆಡ್ಡು ಇಸಕೊಂಡಳು. ಒಂದು ದಿನ ತಡೆಯಲಾರದೆ, "ಬೈಯೇ ಕೊಮಾದ್ರೆ, ಒಂದು ಸಲ ಬೈದುಬಿಡು," ಅಂದೆ.

"ನಾನೇ ತಾನೇ ಕಟ್ಟಿದ್ದು," ಅಂದಳು. ಅದೊಂದೇ ಮಾತು. ಹೋದ ಚಳಿಗಾಲದಲ್ಲಿ, ಯಾರಿಗೂ ತೊಂದರೆ ಕೊಡದೆ, ಕೂತಲ್ಲೇ ಹೋದಳು. ಓಸೊ ಈಗ ಹಲ್ಲು ಬಿದ್ದ ಮುದಿನಾಯಿ. ಆವತ್ತಿನಿಂದ ನನ್ನ ಮನೆಯೊಳಕ್ಕೆ ಕಾಲಿಟ್ಟಿರಲಿಲ್ಲ. ರೆಂಬೆರ್ತೊವಿನ ಹಿಂದೆ ತಿರುಗುತ್ತದೆ.

ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ನಾವು ಕೂಸಿನ ಆಕಾರದ ಬ್ರೆಡ್ಡು ಮಾಡುತ್ತೇವೆ, ಮುಖ ಬಿಡಿಸಿ, ಬಟ್ಟೆಯ ಹಾಗೆ ಬಣ್ಣ ಹಚ್ಚಿ. ವಿಲ್ಮಾಳ ಹೆಸರಿನದನ್ನು ಪ್ರತಿ ವರ್ಷ ನಾನೇ ಮಾಡಿಕೊಡುತ್ತೇನೆ. ದೆಲ್ಫಿನಾ ಅದನ್ನು ನನ್ನ ದೊಡ್ಡ ಮನಸ್ಸು ಎಂದುಕೊಂಡಿದ್ದಾಳೆ. ಈ ಸಲವೂ ಮಗನ ಕೈ ಹಿಡಿದು ಬಂದಳು, ಬ್ರೆಡ್ಡಿನ ಕೂಸನ್ನು ಎದೆಗೊತ್ತಿಕೊಂಡಳು, ಪ್ರತಿ ಸಲ ಕೇಳುವುದನ್ನೇ ಕೇಳಿದಳು.

"ದೋನ್ಯಾ ತಿಬುರ್ಸಿಯಾ, ಆವತ್ತು ಓಸೊ ಅಷ್ಟು ಕೂಗಿತಂತಲ್ಲ. ಒಬ್ಬರಿಗೂ ಕೇಳಿಸಲಿಲ್ವಾ?"

ಎಂಟು ವರ್ಷ ನನ್ನನ್ನು ಕಾಯ್ದವಳು ಮಣ್ಣಲ್ಲಿದ್ದಾಳೆ. ಇನ್ನು ಯಾರ ಮರೆಯಲ್ಲಿ ನಿಲ್ಲಲಿ?

"ನನಗೆ ಕೇಳಿಸಿತ್ತು ಮಗಳೇ," ಅಂದೆ. ಮಿಕ್ಕದ್ದನ್ನೂ ಹೇಳಿದೆ, ಗುಂಡಿಯನ್ನೂ, ಉಪ್ಪನ್ನೂ.

ದೆಲ್ಫಿನಾ ಬ್ರೆಡ್ಡಿನ ಕೂಸನ್ನು ಮೆಲ್ಲಗೆ ಹಲಗೆಯ ಮೇಲೆ ವಾಪಸು ಮಲಗಿಸಿದಳು. ಅದಕ್ಕೆ ನೋವಾದೀತು ಎನ್ನುವ ಹಾಗೆ ಮಲಗಿಸಿದಳು. ರೆಂಬೆರ್ತೊ ಅವಳ ಮುಖ ನೋಡಿ ಬೆದರಿ ನಿಂತಿದ್ದ. ಬೀದಿಯಲ್ಲಿ ಬಿಸಿಲಿಗೆ ಮಲಗಿದ್ದ ಓಸೊ ಎದ್ದಿತು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಹೊಸ್ತಿಲು ದಾಟಿ ಒಳಗೆ ಬಂತು. ನನ್ನ ಕಡೆ ನೋಡದೆ ಹುಡುಗನ ಕಾಲಿಗೆ ಮೈಯೊತ್ತಿ ನಿಂತಿತು. ಮೂವರೂ ಹೊರಗೆ ಹೋದರು. ಬ್ರೆಡ್ಡು ಇನ್ನೂ ಹಲಗೆಯ ಮೇಲೆಯೇ ಇದೆ.